ಜೀವಕೋಶದ ಉಣ್ಣೆ ಕತ್ತರಿಸುವವರು

ಮಳೆಗಾಲ ಬಂತೆಂದರೆ ಹುಬ್ಬಳ್ಳಿಯ ಆಸ್ಪತ್ರೆಗಳ ವರಾಂಡದಲ್ಲಿ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟಾತ್ರೀ?" ಡೆಂಗಿ ರೋಗಿಯ ಮನೆಯವರ ಜೀವ ಆ ಒಂದು ಅಂಕಿಯಲ್ಲೇ ಇರುತ್ತದೆ. ಡಾಕ್ಟರು ಮಾತ್ರ ಅದೇ ರಿಪೋರ್ಟಿನಲ್ಲಿ ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎನ್ನುವುದನ್ನೂ ನೋಡುತ್ತಾರೆ. ಅದು ಏರಿದರೆ ರಕ್ತದ ನೀರಿನಂಶ ನಾಳದಿಂದ ಹೊರಗೆ ಸೋರುತ್ತಿದೆ ಎಂದರ್ಥ. ಯಾಕೆ ಸೋರುತ್ತದೆ?

ನಮ್ಮ ಜೀವಕೋಶಗಳ ಮೈ ಬೋಳಲ್ಲ, ಹಾವೇರಿ ಕಡೆಯ ಕುರಿಯ ಹಾಗೆ ಮೈತುಂಬ ಉಣ್ಣೆ. ಪ್ರೋಟೀನಿನ ಒಂದು ಕಡ್ಡಿ, ಅದಕ್ಕೆ ಜೋತುಬಿದ್ದ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಯ ಎಳೆಗಳು. ಎರಡೂ ಸೇರಿದರೆ ಪ್ರೋಟಿಯೋಗ್ಲೈಕಾನ್. ಮೇಯ್ದು ಬಂದ ಕುರಿಯ ಉಣ್ಣೆಗೆ ಮುಳ್ಳು, ಬೀಜ ಅಂಟಿರುತ್ತವಲ್ಲ, ಹಾಗೇ ಜೀವಕೋಶಕ್ಕೆ 'ನೀನು ಬೆಳೆ' ಎಂದು ಹೇಳುವ ಪ್ರೋಟೀನುಗಳು ಈ ಎಳೆಗಳಿಗೆ ಅಂಟುತ್ತವೆ. ಡೆಂಗಿ ವೈರಸ್ಸೂ ಅಂಟುತ್ತದೆ.

ಹೆಪರಾನ್ ಸಲ್ಫೇಟ್ ಮೊದಲು ಸಿಕ್ಕಿದ್ದು 1940ರ ದಶಕದಲ್ಲಿ, ಹೆಪರಿನ್ ಔಷಧ ತಯಾರಿಸುವಾಗ ಉಳಿದ ಕಲ್ಮಶವಾಗಿ. ಅದನ್ನು ಹೊತ್ತ ಒಂದು ಪ್ರೋಟೀನಿಗೆ ಅಮೆರಿಕದ ಮೆರ್ಟನ್ ಬರ್ನ್‌ಫೀಲ್ಡ್ ತಂಡ 1989ರಲ್ಲಿ 'ಸಿಂಡೆಕಾನ್' (ಈಗ ಸಿಂಡೆಕಾನ್-1) ಎಂದು ಹೆಸರಿಟ್ಟಿತು. ಒಟ್ಟಿಗೆ ಕಟ್ಟುವುದು ಎನ್ನುವ ಗ್ರೀಕ್ ಪದದಿಂದ ಬಂದದ್ದು.

ಈ ಉಣ್ಣೆಯನ್ನು ದೇಹವೇ ಆಗಾಗ ಕತ್ತರಿಸುತ್ತದೆ. ಕಿಣ್ವಗಳೇ ಕತ್ತರಿ. ಗಾಯದಿಂದ ಒಸರುವ ನೀರಿನಲ್ಲಿ ಈ ತುಂಡುಗಳು ಸಿಗುತ್ತವೆ. ಕತ್ತರಿಸಿ ಬಿದ್ದ ಮೇಲೂ ಅವು ಸುಮ್ನೆ ಕಸವಲ್ಲ, ಅಂಟಿಕೊಂಡದ್ದನ್ನು ಬಿಡುವುದಿಲ್ಲ. ನನಗೆ ಅತಿ ಮುಖ್ಯ ಅನಿಸುವುದು ಇದೇ. ಯಾಕೆಂದರೆ ರೋಗಗಳು ಬಳಸಿಕೊಳ್ಳುವುದೂ ಇದನ್ನೇ.

2001ರಲ್ಲಿ ಬರ್ನ್‌ಫೀಲ್ಡ್ ತಂಡವೇ ಇಲಿಗಳಲ್ಲಿ ಒಂದು ವಿಚಿತ್ರ ಕಂಡಿತು. ಶ್ವಾಸಕೋಶಕ್ಕೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟರೆ ಸಿಂಡೆಕಾನ್-1 ಇಲ್ಲದ ಇಲಿಗಳೇ ಚೆನ್ನಾಗಿ ತಡೆದುಕೊಂಡವು. ಅವಕ್ಕೆ ಕತ್ತರಿಸಿದ ತುಂಡನ್ನು ಕೊಟ್ಟಾಗ ಸೋಂಕು ಮತ್ತೆ ಜೋರಾಯಿತು. ಅಂದರೆ ಆ ಬ್ಯಾಕ್ಟೀರಿಯಾ ನಮ್ಮ ಕತ್ತರಿಯನ್ನೇ ಚುರುಕುಗೊಳಿಸಿ, ಉದುರಿದ ಎಳೆಗಳ ಮರೆಯಲ್ಲಿ ನಮ್ಮ ರಕ್ಷಣೆಯಿಂದ ಪಾರಾಗುತ್ತದೆ!

ಕ್ಯಾನ್ಸರಿನಲ್ಲೂ ಕಥೆ ಹತ್ತಿರದ್ದೇ. ಮೂಳೆಮಜ್ಜೆಯ ಮೈಲೋಮಾ ಗುರುತಿಸಲು ಲ್ಯಾಬಿನವರು ನೋಡುವ ಸಿಡಿ138 ಬೇರೇನಲ್ಲ, ಇದೇ ಸಿಂಡೆಕಾನ್-1. ಹೆಪರನೇಸ್ ಎಂಬ ಕಿಣ್ವ ಎಳೆಗಳನ್ನು ಮೊಟಕು ಮಾಡಿದರೆ ಕತ್ತರಿಗೆ ದಾರಿ ಸಲೀಸು. ಉದುರಿದ ತುಂಡುಗಳು ಸುತ್ತಲಿನ ಗಡ್ಡೆಗೆ ಮೇವು ಒಯ್ಯುತ್ತವೆ. ರಕ್ತದಲ್ಲಿ ಅವು ಜಾಸ್ತಿಯಿದ್ದ ಮೈಲೋಮಾ ರೋಗಿಗಳ ಸ್ಥಿತಿ ಸಾಮಾನ್ಯವಾಗಿ ಬಿಗಡಾಯಿಸುತ್ತದೆ.

ಈಗ ಡೆಂಗಿಗೆ ಬರೋಣ. ರಿಪೋರ್ಟಿನಲ್ಲಿ 'ಎನ್‌ಎಸ್1 ಪಾಸಿಟಿವ್' ಎಂದಿರುತ್ತದಲ್ವಾ? ಅದು ವೈರಸ್ಸಿನ ಒಂದು ಪ್ರೋಟೀನು. ಅದು ರಕ್ತನಾಳದ ಒಳಮೈಯ ಜೀವಕೋಶಗಳಲ್ಲಿ ಹೆಪರನೇಸನ್ನು ಎಬ್ಬಿಸಿ, ಸಿಂಡೆಕಾನ್-1 ಉದುರುವಂತೆ ಮಾಡುತ್ತದೆ ಎಂದು 2016ರ ಸಂಶೋಧನೆ ತೋರಿಸಿತು. ಉಣ್ಣೆ ತೆಳುವಾದ ಕಡೆ ನೀರು ಸೋರುತ್ತದೆ.

ಜ್ವರ ಇಳಿದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಈ ಸೋರಿಕೆ ಜೋರಾಗುವುದು, ಒಂದೆರಡು ದಿನ ಇರುತ್ತದೆ. ಆಮೇಲೆ ಸೋರಿದ ನೀರು ನಾಳಕ್ಕೆ ವಾಪಸ್ ಬರುತ್ತದೆ. "ಇನ್ನೊಂದು ಸಲಾಯಿನ್ ಹಚ್ರಿ ಸಾಹೇಬ್ರ" ಎಂದು ಮನೆಯವರು ಕೇಳಿಕೊಂಡರೂ ಡಾಕ್ಟರು ಹನಿ ಕಡಿಮೆ ಮಾಡುವುದು ಆಗಲೇ.