ಮನೆಯೊಳಗಿನ ಹೊಗೆಯ ಕತೆ

ಮನೆ ಅಂದರೆ ಗೋಡೆ, ಸೂರು, ಬಾಗಿಲು ಅಂದುಕೊಳ್ಳುತ್ತೇವೆ. ಆದರೆ ಮನೆ ಹೇಗಿರಬೇಕು ಅನ್ನೋದನ್ನು ಸಾವಿರಾರು ವರ್ಷ ತೀರ್ಮಾನಿಸಿದ್ದರಲ್ಲಿ ಹೊಗೆಯ ಪಾಲು ಜಾಸ್ತಿ ಅನ್ನುವುದು ನನ್ನ ನಂಬಿಕೆ. ಚಳಿಗೂ ಅಡುಗೆಗೂ ಬೆಂಕಿ ಬೇಕು. ಬೆಂಕಿ ಒಳಗೆ ಬಂದರೆ ಹೊಗೆಯೂ ಬರುತ್ತೆ, ಅಲ್ವಾ?

ಟರ್ಕಿಯ ಚತಾಲ್‌ಹೊಯುಕ್ ಸುಮಾರು 9,000 ವರ್ಷ ಹಿಂದಿನ ಊರು. ಮನೆಗೆ ಮನೆ ಅಂಟಿಕೊಂಡಿತ್ತು, ನಡುವೆ ಬೀದಿಗಳೇ ಇಲ್ಲ ಅನ್ನುವಷ್ಟು. ಜನ ಮಾಳಿಗೆಯ ಮೇಲೆ ಓಡಾಡುತ್ತಿದ್ದರು. ಅಲ್ಲಿನ ಕಿಂಡಿಯಿಂದ ಏಣಿ ಇಳಿದು ಮನೆ ಸೇರುತ್ತಿದ್ದರು. ಒಲೆ ಸಾಮಾನ್ಯವಾಗಿ ಅದೇ ಕಿಂಡಿಯ ಹತ್ತಿರ. ಮನುಷ್ಯರು ಇಳಿಯುವ ದಾರಿಯಲ್ಲೇ ಹೊಗೆ ಮೇಲೇರಬೇಕು! ಎಲ್ಲ ಹೊಗೆಯೂ ಹೊರಗೆ ಹೋಗುತ್ತಿರಲಿಲ್ಲ. ಮಸಿ ಹಿಡಿದ ಗೋಡೆಗೆ ಬಿಳಿ ಮಣ್ಣು ಬಳಿಯುತ್ತಿದ್ದರು. ಮತ್ತೆ ಮಸಿ, ಮತ್ತೆ ಮಣ್ಣು. ಸತ್ತವರನ್ನು ಮನೆಯ ನೆಲದಡಿಯೇ ಹೂಳುತ್ತಿದ್ದರು. ಕೆಲವು ವಯಸ್ಸಾದವರ ಪಕ್ಕೆಲುಬುಗಳ ಒಳಬದಿಯಲ್ಲಿ ಕಪ್ಪು ಮಸಿ ಸಿಕ್ಕಿದೆ. ಶ್ವಾಸಕೋಶ ಕರಗಿಹೋದ ಮೇಲೂ ಅದರೊಳಗಿನ ಮಸಿ ಉಳಿದಿತ್ತು.

ರೋಮನ್ನರು ನೆಲದಡಿ ಟೊಳ್ಳು ಬಿಟ್ಟು ಬಿಸಿಗಾಳಿ ಹರಿಸಿದರು. ಆದರೆ ಅದು ಮುಖ್ಯವಾಗಿ ಸ್ನಾನಗೃಹಗಳ, ಸಿರಿವಂತರ ಸೌಕರ್ಯ.

ದೊಡ್ಡ ತಿರುವು ಚಿಮಣಿ. ಮಧ್ಯಯುಗದ ಯುರೋಪಿನ ಬಹಳಷ್ಟು ಮನೆಗಳಲ್ಲಿ ಹಜಾರದ ನಡುವೆಯೇ ಬೆಂಕಿ ಉರಿಯುತ್ತಿತ್ತು. ಹೊಗೆ ಸೂರಿನವರೆಗೆ ಏರಬೇಕಿದ್ದರಿಂದ ಹಜಾರದ ಮೇಲೆ ಮಹಡಿ ಹಾಕುವಂತಿರಲಿಲ್ಲ. ಎಲ್ಲರೂ ಒಂದೇ ಬೆಂಕಿಯ ಸುತ್ತ ಇರಬೇಕಿತ್ತು. ಹೊಗೆ ಕೊಳವೆಗೆ ಸೇರಿದ ಮೇಲೆ ಮಹಡಿ ಬಂತು, ಬೇರೆ ಬೇರೆ ಕೋಣೆ ಬಂದವು. ಬಾಗಿಲು ಹಾಕಿಕೊಂಡು ಒಬ್ಬರೇ ಕೂರುವುದು ಸಾಧ್ಯವಾಯಿತು. ನಮ್ಮ ಖಾಸಗಿತನಕ್ಕೆ ಚಿಮಣಿಯ ಋಣ ಇದೆ!

ಚಿಮಣಿ ಇನ್ನೊಂದು ಕೆಲಸವನ್ನೂ ಸುಮ್ನೆ ಮಾಡುತ್ತಿತ್ತು. ಬಿಸಿಗಾಳಿ ಹಗುರ, ಮೇಲೇರುತ್ತೆ. ಆ ಜಾಗ ತುಂಬಲು ಬಾಗಿಲು, ಕಿಟಕಿಗಳ ಸಂದಿಯಿಂದ ಹೊಸ ಗಾಳಿ ನುಗ್ಗುತ್ತೆ. ಗ್ಯಾಸು, ಕರೆಂಟು ಬಂದ ಮೇಲೆ ಚಿಮಣಿ ಬೇಡವಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲು ಹಲವು ದೇಶಗಳಲ್ಲಿ ಕಟ್ಟಡಗಳ ಸಂದಿಗಳನ್ನೂ ಮುಚ್ಚಿದರು. ಒಳಗಿನ ತೇವ, ಪ್ಲೈವುಡ್ಡಿನ ಅಂಟಿನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನ್ನೋ ಹಾನಿಕರ ಅನಿಲ ಅಲ್ಲೇ ಉಳಿದವು. ಈಗ ಒಳಗಿನ ಗಾಳಿ ಬದಲಿಸಲು ಒಂದು ಯಂತ್ರ ಇಡುತ್ತಾರೆ. ಹೊರಹೋಗುವ ಗಾಳಿಯ ಶಾಖವನ್ನು ಅದು ಒಳಬರುವ ಗಾಳಿಗೆ ದಾಟಿಸುತ್ತೆ. ಎರಡೂ ಗಾಳಿ ಬೆರೆಯುವುದಿಲ್ಲ.

ಇಷ್ಟೆಲ್ಲ ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 210 ಕೋಟಿ ಜನ ಇನ್ನೂ ಹೊಗೆಯುಗುಳುವ ಒಲೆಗಳಲ್ಲೇ ಅಡುಗೆ ಮಾಡುತ್ತಾರೆ. 2020ರಲ್ಲಿ ಮನೆಯೊಳಗಿನ ಇಂಥ ಹೊಗೆ ಸುಮಾರು 32 ಲಕ್ಷ ಜೀವ ತೆಗೆಯಿತು. ಐದು ವರ್ಷ ತುಂಬದ ಮಕ್ಕಳೇ ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು.