ಅಡ್ಜುವೆಂಟ್ ಅಂದ್ರೆ ಎಂತದು?

ಕುಂಬಳೆಯ ನಮ್ಮ ಮನೆಯ ಜಗಲಿಯಲ್ಲಿ ಅಕ್ಕನ ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ‘ಅಡ್ಜುವೆಂಟ್’ ಅಂತ ಎರಡು ಸಲ ಕಿವಿಗೆ ಬಿದ್ದದ್ದೇ ಅಜ್ಜಿ ಕೇಳಿದರು, “ಅದೆಂತದು ಮಾರಾಯ್ತಿ, ಮದ್ದಾ?”

ಮದ್ದಲ್ಲ. ಲಸಿಕೆಯೂ ಅಲ್ಲ. ‘ನೆರವಾಗು’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದ ಪದ ಅದು. ರೋಗಾಣುವಿನ ಒಂದು ಪ್ರೋಟೀನನ್ನು ಮಾತ್ರ ಬೇರ್ಪಡಿಸಿ ಚುಚ್ಚಿದರೆ ದೇಹ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿ ಎರಡು ಗಂಟೆಗೆ ರಂಗಸ್ಥಳಕ್ಕೆ ವೇಷ ಬಂದರೂ ಚೆಂಡೆ ಬೀಳದಿದ್ದರೆ ತೂಕಡಿಸುವವನು ಏಳುತ್ತಾನಾ? ಲಸಿಕೆಗೆ ಬೆರೆಸುವ ಅಡ್ಜುವೆಂಟ್ ಆ ಚೆಂಡೆ.

ಇದು ಗೊತ್ತಾದದ್ದು ಕುದುರೆಗಳಿಂದ. 1920ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಗ್ಯಾಸ್ಟನ್ ರಾಮನ್ ಒಂದು ಸಂಗತಿ ಗಮನಿಸಿದರು. ಲಸಿಕೆ ಚುಚ್ಚಿದ ಜಾಗ ಬಾತು ಕೀವಾದ ಕುದುರೆಗಳ ರಕ್ತದಲ್ಲಿ ಡಿಫ್ತೀರಿಯಾದ ಪ್ರತಿವಿಷ ಜಾಸ್ತಿ ಇರುತ್ತಿತ್ತು. ಹಾಗಾದರೆ ಬೇಕೆಂದೇ ಬಾವು ಬರಿಸಿದರೆ? ಬ್ರೆಡ್ಡಿನ ಪುಡಿ ಬೆರೆಸಿ ನೋಡಿದರು, ಟ್ಯಾಪಿಯೋಕಾ ಬೆರೆಸಿ ನೋಡಿದರು. ಹೌದು, ನಮ್ಮ ಮರಗೆಣಸಿನ ಹಿಟ್ಟೇ! 1926ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಗ್ಲೆನಿ ಪಟಿಕ ಬಳಸಿದರು, ಅದು ಅಲ್ಯೂಮಿನಿಯಂನ ಲವಣ. ಅಂಥ ಲವಣಗಳು ಇವತ್ತಿಗೂ ಹಲವು ಲಸಿಕೆಗಳಲ್ಲಿವೆ.

ಮಲೇರಿಯಾದ ಆರ್‌ಟಿಎಸ್,ಎಸ್ ಲಸಿಕೆಯ ಕಥೆ ಇನ್ನೂ ಚಂದ. 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರೋಟೀನು ಒಂದೇ, ಅಡ್ಜುವೆಂಟ್ ಮಿಶ್ರಣ ಮೂರು ಬಗೆ. ಆಮೇಲೆ ಸ್ವಯಂಸೇವಕರಿಗೆ ಸೋಂಕಿನ ಸೊಳ್ಳೆ ಕಚ್ಚಿಸಿದರು. ಪಟಿಕದ ಗುಂಪಿನಲ್ಲಿ 8 ಜನರಲ್ಲಿ ಒಬ್ಬರು ಪಾರಾದರು, ಎರಡನೆಯದರಲ್ಲಿ 7ರಲ್ಲಿ ಇಬ್ಬರು, ಮೂರನೆಯದರಲ್ಲಿ 7ರಲ್ಲಿ ಆರು ಮಂದಿ!

ಮನುಷ್ಯರಿಗೆ ಮೊದಲು ಇಲಿ. ತೊಂದರೆ ಎಂದರೆ, ನಮ್ಮನ್ನು ಕೊಲ್ಲುವ ಮಲೇರಿಯಾ ರೋಗಾಣು ಫಾಲ್ಸಿಪಾರಂ ಸಾಮಾನ್ಯ ಇಲಿಗೆ ಹತ್ತುವುದೇ ಇಲ್ಲ. ಅದಕ್ಕೆ ಆಫ್ರಿಕಾದ ಕಾಡಿಲಿಗಳಲ್ಲಿ ಸಿಕ್ಕಿದ ಬರ್ಗೈ ಎಂಬ ದಾಯಾದಿಯನ್ನು ಬಳಸುತ್ತಾರೆ. ಫಾಲ್ಸಿಪಾರಂನ ಪ್ರೋಟೀನನ್ನೇ ಪರೀಕ್ಷಿಸಬೇಕಿದ್ದರೆ ಅದರ ಜೀನನ್ನು ಬರ್ಗೈಗೆ ಸೇರಿಸುತ್ತಾರೆ. ಒಂದು ಗುಂಪಿಗೆ ಬರೀ ಪ್ರೋಟೀನು, ಒಂದಕ್ಕೆ ಅಡ್ಜುವೆಂಟ್ ಸೇರಿಸಿದ್ದು. ಇನ್ನೊಂದಕ್ಕೆ ಬರೀ ಅಡ್ಜುವೆಂಟ್. ಈ ಕೊನೆಯದನ್ನು ಬಿಟ್ಟರೆ ಲೆಕ್ಕ ಹಾಳು, ಯಾಕೆಂದರೆ ಚೆಂಡೆಯ ಸದ್ದೊಂದೇ ದೇಹವನ್ನು ಸ್ವಲ್ಪ ಎಬ್ಬಿಸಬಹುದು. ಕೆಲವು ವಾರಗಳ ಅಂತರದಲ್ಲಿ ಎರಡು ಮೂರು ಸಲ ಚುಚ್ಚಿ, ರಕ್ತ ತೆಗೆದು ಪ್ರತಿಕಾಯ ಅಳೆದು, ಕೊನೆಗೆ ಸೋಂಕು ತಗಲಿಸಿ ದಿನ ದಿನ ರಕ್ತಲೇಪ ನೋಡುತ್ತಾರೆ. ಇಲಿಯ ತಳಿಯೂ ಆಟ ಆಡಿಸುತ್ತದೆ. ಬಿಳಿ ಬಾಲ್ಬ್-ಸಿ ಇಲಿಯನ್ನು ಕಾಪಾಡುವುದು ಸುಲಭ, ಕಪ್ಪು ಸಿ57 ಬ್ಲ್ಯಾಕ್-6 ಇಲಿ ಹಾಗಲ್ಲ. ಬರೀ ಬಿಳಿ ಇಲಿ ಉಳಿಯಿತೆಂಬ ಸುದ್ದಿಗೆ ನಾನಂತೂ ಕುಣಿಯುವುದಿಲ್ಲ.

2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಮಲೇರಿಯಾದ ಇನ್ನೊಂದು ಲಸಿಕೆ ಆರ್21 ಪುಣೆಯಲ್ಲಿ ತಯಾರಾಗುತ್ತದೆ. ಅದರ ಅಡ್ಜುವೆಂಟ್ ಮ್ಯಾಟ್ರಿಕ್ಸ್-ಎಂ. ಅದಕ್ಕೆ ಬೇಕಾದ ಸಪೋನಿನ್ ಚಿಲಿ ದೇಶದ ಕ್ವಿಲ್ಲಾಯ ಮರದ ತೊಗಟೆಯದು. ಅಂಟುವಾಳಕಾಯಿ ನೊರೆ ಬರುವುದೂ ಸಪೋನಿನ್‌ನಿಂದಲೇ.

“ಹಾಗಾದ್ರೆ ಅಂಟುವಾಳ ಅರೆದು ಚುಚ್ಚಿದ್ರೆ ಸಾಕಲ್ವಾ?” ಅಜ್ಜಿ ಬಿಡಲಿಲ್ಲ.

ಸಾಕಾಗುವುದಿಲ್ಲ. ಸಪೋನಿನ್ ಹಾಗೇ ರಕ್ತಕ್ಕೆ ಹೋದರೆ ಕೆಂಪು ಕಣ ಒಡೆಯುತ್ತದೆ. ಅದಕ್ಕೇ ಮ್ಯಾಟ್ರಿಕ್ಸ್-ಎಂನಲ್ಲಿ ಅದನ್ನು ಕೊಲೆಸ್ಟರಾಲ್ ಮತ್ತು ಫಾಸ್ಫೋಲಿಪಿಡ್ ಜೊತೆ ಸೇರಿಸಿ ಪುಟ್ಟ ಪಂಜರದಂತೆ ಕಟ್ಟಿರುತ್ತಾರೆ. ಮತ್ತೆ, ಮಂಗಳೂರಿಗೆ ಹೋಗಿ ಬಂದವರು ಹೊತ್ತು ತರುವ ಮಲೇರಿಯಾ ಹೆಚ್ಚಿನದು ವೈವಾಕ್ಸ್ ಎಂಬ ಬೇರೆ ರೋಗಾಣುವಿನದು. ಆರ್21 ಇರುವುದು ಫಾಲ್ಸಿಪಾರಂಗೆ.