ಏಪ್ರಿಲ್‌ನಲ್ಲಿ ಕಾಣದ ಕಾಡು

ಏಪ್ರಿಲ್‌ನಲ್ಲಿ ಸಂಡೂರಿನ ಗುಡ್ಡ ಹತ್ತಿದರೆ ದಿಂಡಿಗದ ಮರಗಳು ಬೋಳಾಗಿ ನಿಂತಿರುತ್ತವೆ. ಹುಲ್ಲು ಒಣಗಿರುತ್ತದೆ. ಬೆಂಕಿ ಬಿದ್ದ ಕಡೆ ನೆಲ ಕರ್ರಗಿರುತ್ತದೆ. ಅದೇ ಗುಡ್ಡಕ್ಕೆ ಆಗಸ್ಟ್‌ನಲ್ಲಿ ಹೋಗಿ. ಮೊಣಕಾಲುದ್ದ ಹುಲ್ಲು, ಮಣ್ಣಿನಿಂದ ಆಗತಾನೇ ಎದ್ದ ಸಣ್ಣ ಹೂಗಿಡಗಳು, ನೀರು ನಿಂತ ಗುಂಡಿಗಳಲ್ಲೆಲ್ಲ ಕಪ್ಪೆಗಳ ಕೂಗು. ಎರಡೂ ಒಂದೇ ಜಾಗ ಅಂದರೆ ಹೊಸಬರು ನಂಬುವುದಿಲ್ಲ.

ಗಣಿ ವಿಸ್ತರಿಸುವ ಮುನ್ನ ಪರಿಸರದ ಮೇಲಾಗುವ ಪರಿಣಾಮದ ಬಗ್ಗೆ ಬರೆಯುವ ವರದಿಗಳಲ್ಲಿ ಸಸ್ಯ ಮತ್ತು ವನ್ಯಜೀವಿ ಅಧ್ಯಾಯವನ್ನು ಪರಿಶೀಲಿಸುವುದು ನನ್ನ ಕೆಲಸ. ಪ್ರಾಣಿಗಳ ಪಟ್ಟಿಗೆ ಆಮೇಲೆ ಬರುತ್ತೇನೆ. ಮೊದಲು ನೋಡುವುದು ಸರ್ವೆ ಮಾಡಿದ ತಿಂಗಳು. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಗಣಿಗಳಿಗೆ ಕೊಡುವ ಮಾಮೂಲಿ ಷರತ್ತಿನ ಪ್ರಕಾರ, ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಗಾಳಿಯಲ್ಲಿನ ದೂಳು ಅಳೆಯಲು ಇದು ಸರಿ. ಮಳೆ ಬಂದರೆ ದೂಳು ಕೂತುಬಿಡುತ್ತದೆ ಅಲ್ವಾ? ಆದರೆ ಅದೇ ಷರತ್ತು ಗಿಡಗಳಿಗೂ ಕಪ್ಪೆಗಳಿಗೂ ಅನ್ವಯಿಸುತ್ತದೆ. ಮಾರ್ಚ್‌ನಿಂದ ಮೇವರೆಗೆ ಹುಡುಕಿದರೆ ಅವು ಎಲ್ಲಿ ಸಿಗಬೇಕು? ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾಡುವುದಕ್ಕೂ ಅವಕಾಶವಿದೆ. ಆ ತಿಂಗಳುಗಳನ್ನೇ ಆರಿಸಿಕೊಳ್ಳಿ, ಜೊತೆಗೆ ಮಳೆಗಾಲದಲ್ಲಿ ಒಂದು ವಾರವಾದರೂ ಗುಡ್ಡ ಸುತ್ತಿ ಎಂದು ನಾನು ಪ್ರತಿ ಸಲ ಬರೆಯುತ್ತೇನೆ.

ಇನ್ನು ಪಟ್ಟಿಯ ವಿಷಯ. ಗಣಿಗೆ ಗುತ್ತಿಗೆ ಪಡೆದ ಲೀಸ್ ಜಾಗಕ್ಕೆ ಕೋರ್ ವಲಯ ಎನ್ನುತ್ತಾರೆ, ಸುತ್ತಲಿನ 10 ಕಿಲೋಮೀಟರಿಗೆ ಬಫರ್. ಲೆಕ್ಕ ಹಾಕಿದರೆ 314 ಚದರ ಕಿಲೋಮೀಟರಿಗಿಂತ ಜಾಸ್ತಿ. ಕರಡಿ, ಚಿರತೆ, ಚಿಪ್ಪುಹಂದಿ, ನವಿಲು ಎಲ್ಲ ಪಟ್ಟಿಯಲ್ಲಿ ಬಫರ್‌ನ ಎದುರಿಗೆ ಇರುತ್ತವೆ. ಕೋರ್ ವಲಯದ ಎದುರಿಗೆ ಮಾತ್ರ 'ಕಂಡುಬಂದಿಲ್ಲ'. ಇವೆಲ್ಲ ವನ್ಯಜೀವಿ ಕಾಯ್ದೆಯ ಷೆಡ್ಯೂಲ್ 1ರ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳು. ಕೋರ್ ಆಗಲಿ ಬಫರ್ ಆಗಲಿ, ಇವೆ ಎಂದಾದರೆ ಸಂರಕ್ಷಣಾ ಯೋಜನೆ ಮಾಡಬೇಕು, ಹಣ ಇಡಬೇಕು, ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಪಡೆಯಬೇಕು.

ವಿಸ್ತರಣೆಯಲ್ಲಿ 'ಕಂಡುಬಂದಿಲ್ಲ' ಎಂಬ ಮಾತನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಪಕ್ಕದಲ್ಲೇ ವರ್ಷಗಳಿಂದ ಬ್ಲಾಸ್ಟಿಂಗ್ ನಡೆದಿದೆ, ಲಾರಿಗಳು ಓಡಿವೆ. ಪ್ರಾಣಿಗಳು ಹಗಲು ಆ ಕಡೆ ಬರುವುದನ್ನೇ ಬಿಟ್ಟಿರುತ್ತವೆ. ಸರ್ವೆ ತಂಡ ಓಡಾಡುವುದೋ ಹಗಲಲ್ಲೇ. ಕರಡಿ ಕಣ್ಣಿಗೆ ಬೀಳದಿದ್ದರೂ ಅಗೆದ ಹುತ್ತ ಸಿಗುತ್ತದೆ. ಕಕ್ಕೆ, ಬಾರೆ ಹಣ್ಣಿನ ಬೀಜ ತುಂಬಿದ ಹಿಕ್ಕೆ ಸಿಗುತ್ತದೆ. ಅದನ್ನು ಹುಡುಕಿ ಬರೆದ ವರದಿ ಬೇಕು.

ಹೋದ ಬೇಸಿಗೆಯಲ್ಲಿ ಒಂದು ಲೀಸ್ ಗಡಿಯಲ್ಲಿ ನಡೆಯುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ಸಿಕ್ಕರು. ಕರಡಿ ಇದೆಯಾ ಯಜಮಾನ್ರೇ ಎಂದು ಕೇಳಿದೆ. "ಇಲ್ಲಿ ಇರೂದಿಲ್ರಿ ಸಾರ್. ಮ್ಯಾಲೆ ಗವಿಯಾಗ ಇರ್ತೈತಿ. ನೀರಿಗೆ ಹೋಗಾಕ ಈ ಹಳ್ಳನ ಹಿಡಿತೈತಿ" ಎಂದರು. ನಕ್ಷೆ ಬಿಡಿಸಿ ನೋಡಿದೆ. ಹೊಸ ತ್ಯಾಜ್ಯ ಮಣ್ಣಿನ ಡಂಪ್ ಗುರುತು ಹಾಕಿದ್ದು ಅದೇ ಹಳ್ಳದ ತಲೆಯ ಮೇಲೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ವರದಿಯ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ. ಕರಡಿಯ ಹೆಸರು ಬಫರ್‌ನಲ್ಲಿ ಇತ್ತು. ಅದು ನೀರಿಗೆ ಹೋಗುವ ದಾರಿ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ.

ಡಂಪ್ ಮೇಲೆ ಮುಂದೆ ಗಿಡ ನೆಡುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ನೆಡಲಿ, ಇಳಿಜಾರು ನಿಲ್ಲುತ್ತದೆ, ಕೆಳಗಿನ ಹೊಲಕ್ಕೆ ಕೆಂಪು ಮಣ್ಣು ಹರಿಯುವುದು ಕಡಿಮೆಯಾಗುತ್ತದೆ. ಆದರೆ ಗವಿ ಮತ್ತು ನೀರಿನ ನಡುವಿನ ಹಾದಿ ಅದರಿಂದ ತೆರೆದುಕೊಳ್ಳುವುದಿಲ್ಲ.

ನಿಮ್ಮೂರಿನ ಹತ್ತಿರ ಗಣಿ ವಿಸ್ತರಣೆಗೆ ಜನರ ಅಭಿಪ್ರಾಯ ಕೇಳುವ ಪರಿಸರ ಆಲಿಕೆ ಸಭೆ ಕರೆದರೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ವರದಿಯ ಸಾರಾಂಶ ಕನ್ನಡದಲ್ಲೂ ಇರುತ್ತದೆ. ಪೂರ್ತಿ ವರದಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ನೋಡಬಹುದು. ಯಾವ ತಿಂಗಳಲ್ಲಿ ಸರ್ವೆ ಮಾಡಿದಿರಿ, ಹೊಸದಾಗಿ ಸೇರಿಸುವ ಜಾಗದೊಳಗೆ ಎಷ್ಟು ರಾತ್ರಿ ಕ್ಯಾಮೆರಾ ಇಟ್ಟಿದ್ದಿರಿ, ಕುರಿಗಾಹಿಗಳನ್ನು ಕೇಳಿದಿರಾ ಎಂದು ಕೇಳಿ. ನಿಮ್ಮ ಮಾತು ಸಭೆಯ ನಡಾವಳಿಯಲ್ಲಿ ದಾಖಲಾಗಬೇಕು.

ಆ ಹಳ್ಳದಲ್ಲಿ 30 ರಾತ್ರಿ ಕ್ಯಾಮೆರಾ ಇಡಿ, ಡಂಪ್ ಜಾಗವನ್ನು ಆಮೇಲೆ ನಿರ್ಧರಿಸಿ ಎಂದು ಬರೆದು ಕಳಿಸಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.